ಪರಮಾಣುವಿನ ಆಯುಷ್ಯ, ಮನುಷ್ಯನ ಹೊಣೆ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಮರ, ಹಕ್ಕಿ, ಅವನ್ನು ಕಾಯುವ ರೈತ: ಈ ಮೂರಕ್ಕೂ ಹೊರನೋಟಕ್ಕೆ ಹೋಲಿಕೆಯಿಲ್ಲ. ಆದರೂ ಮೂರರಲ್ಲಿಯೂ ಇಂಗಾಲವಿದೆ. ಅದರಲ್ಲಿ ಅತ್ಯಲ್ಪ ಅಂಶ ವಿಕಿರಣಶೀಲವಾದುದು.

ಪರಮಾಣುವಿನ ನಡುವಣ ಬೀಜಕೇಂದ್ರದಲ್ಲಿ ಪ್ರೋಟಾನುಗಳೂ ನ್ಯೂಟ್ರಾನುಗಳೂ ಇರುತ್ತವೆ, ಸುತ್ತಲೂ ಎಲೆಕ್ಟ್ರಾನುಗಳಿರುತ್ತವೆ. ಧಾತು ಯಾವುದೆಂಬುದನ್ನು ಪ್ರೋಟಾನುಗಳ ಸಂಖ್ಯೆಯೇ ನಿರ್ಧರಿಸುತ್ತದೆ. ಇಂಗಾಲದಲ್ಲಿ ಪ್ರೋಟಾನುಗಳು 6. ನ್ಯೂಟ್ರಾನುಗಳು ಸಾಮಾನ್ಯವಾಗಿ 6; ಕೆಲವು ಪರಮಾಣುಗಳಲ್ಲಿ 7, ತೀರ ವಿರಳವಾಗಿ 8. ಹೀಗೆ ನ್ಯೂಟ್ರಾನುಗಳಲ್ಲಿ ಮಾತ್ರ ಭೇದವುಳ್ಳ ಒಂದೇ ಧಾತುವಿನ ಪರಮಾಣುಗಳಿಗೆ ಸಮಸ್ಥಾನಿಗಳೆಂದು ಹೆಸರು. ಇಂಗಾಲ-14 ಎಂಬ ಸಮಸ್ಥಾನಿ ಅಸ್ಥಿರವಾದುದು. ಅದರ ಒಂದು ನ್ಯೂಟ್ರಾನು ಪ್ರೋಟಾನಾಗಿ ಮಾರ್ಪಟ್ಟು, ಎಲೆಕ್ಟ್ರಾನೊಂದು ಹೊರಚಿಮ್ಮಿ, ಪರಮಾಣುವು ಸಾರಜನಕವಾಗುತ್ತದೆ. ಯಾವ ಪರಮಾಣು ಯಾವ ಗಳಿಗೆಯಲ್ಲಿ ಕ್ಷಯಿಸುವುದೆಂದು ಹೇಳಲಾಗದು. ಆದರೆ ರಾಶಿಯಲ್ಲಿ ಅರ್ಧಭಾಗ ಸುಮಾರು 5,730 ವರ್ಷಗಳಲ್ಲಿ ಕ್ಷಯಿಸುತ್ತದೆ. ಈ ಅವಧಿಯೇ ಅರ್ಧಾಯುಷ್ಯ. ಕಾಯಿಸಿದರೂ ಕುಟ್ಟಿದರೂ ಇಂಗಾಲ-14ರ ಈ ಲೆಕ್ಕ ಬದಲಾಗದು.

ನಮ್ಮ ಮೈಯಲ್ಲಿಯೇ ಇರುವ ವಿಕಿರಣದ ಹೆಸರು ಕೇಳಿ ಬೆಚ್ಚುವುದು ಅವಿವೇಕ. ಹಾಗೆಂದು ಉಪೇಕ್ಷೆಯೂ ಸಲ್ಲದು. ಪ್ರಮಾಣ ಮೀರಿದ ವಿಕಿರಣ ಜೀವಕೋಶಗಳನ್ನು ಘಾಸಿಗೊಳಿಸಬಲ್ಲುದು. ಉತ್ತರ ಕನ್ನಡದ ಕೈಗಾ ಸ್ಥಾವರವು 2000ದಿಂದ ಯುರೇನಿಯಮ್ ವಿದಳನದ ಮೂಲಕ ವಿದ್ಯುತ್ತನ್ನು ಒದಗಿಸುತ್ತಿದೆ. ಯುರೇನಿಯಮ್ ಒಡೆದಾಗ ಹುಟ್ಟುವ ಸೀಸಿಯಮ್-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಉರಿದ ಇಂಧನದಲ್ಲಿ ಉಂಟಾಗುವ ಪ್ಲುಟೋನಿಯಮ್-239ರದು ಸುಮಾರು 24,000 ವರ್ಷ. ಪ್ಲುಟೋನಿಯಮನ್ನು ಬೇರ್ಪಡಿಸಿ ಮತ್ತೆ ಇಂಧನವಾಗಿ ಬಳಸಬಹುದು. ಆದರೂ ಉಳಿದ ತ್ಯಾಜ್ಯಕ್ಕೆ ದೀರ್ಘಕಾಲದ ಕಾವಲು ಬೇಕೇ ಬೇಕು.

ಕನ್ನಡ ನಾಡಿನವರೇ ಆದ ರಾಜಾ ರಾಮಣ್ಣನವರು ಪರಮಾಣು ಶಕ್ತಿಯನ್ನು ಬೆಳೆಸಿದರು. ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿದರು. ಈ ಇಬ್ಬರಲ್ಲಿ ಯಾರ ಪಕ್ಷವನ್ನು ಹಿಡಿದರೂ ಒಂದು ಮಾತನ್ನು ಒಪ್ಪಬೇಕು: ಬೆಳಕನ್ನು ಅನುಭವಿಸುವವರು ಇಂದಿನವರು, ತ್ಯಾಜ್ಯವನ್ನು ಕಾಯುವವರು ಇನ್ನೂ ಹುಟ್ಟದವರು. ಆದ್ದರಿಂದ ವಿದ್ಯುತ್ತಿನ ಬೆಲೆಯನ್ನು ಕಟ್ಟುವಾಗ ಕಾವಲಿನ ಬೆಲೆಯೂ ಅದರೊಳಗೆ ಸೇರಬೇಕು. ಅದನ್ನು ಮರೆಮಾಚಿದ ಲೆಕ್ಕ ನ್ಯಾಯದ ಲೆಕ್ಕವಲ್ಲ.

ಕಾಯುವುದೆಂದರೆ ಏನೆಂಬುದನ್ನು ಬೆಳ್ಳೂರಿನವರು ಬಲ್ಲರು. ಹಕ್ಕಿಗಳಿಗೆ ತೊಂದರೆಯಾಗದಿರಲೆಂದು ಹುಣಿಸೆಯ ಫಸಲನ್ನೇ ಬಿಟ್ಟುಕೊಟ್ಟವರು ಅವರು. ಹಿರಿಯರು ಹೊತ್ತ ಹೊಣೆಯನ್ನು ಕಿರಿಯರು ತಿಳಿದು ಹೊರುತ್ತಾ ಬಂದಿದ್ದಾರೆ. ಪರಮಾಣುವಿನ ವಿಷಯದಲ್ಲಿಯೂ ಮುಂದಿನವರ ಹೆಗಲಿಗೆ ಹೊಣೆಯನ್ನು ಹೊರಿಸುವ ಮುನ್ನ ಅದರ ತೂಕವೆಷ್ಟೆಂಬುದನ್ನು ಇಂದಿನವರು ಅರಿತಿರಬೇಕು.