ಉಬ್ಬಸದ ಔಷಧವೂ ಓಟದ ಪಂದ್ಯವೂ



ಹೊಳೆಆಲೂರಿನಂಥ ಎರೆಭೂಮಿಯ ಊರುಗಳಲ್ಲಿ ಧೂಳೆದ್ದಾಗ ದಮ್ಮಿನಿಂದ ಬಳಲುವ ಮಕ್ಕಳುಂಟು. ಅಂಥ ಹುಡುಗಿಯು ಓಡಲೇಬಾರದೆಂದು ಕೆಲವರೂ, ಔಷಧವನ್ನು ಸೇದಿ ಓಡುವದು ವಂಚನೆಯೆಂದು ಕೆಲವರೂ ಹೇಳುವರು. ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯವು.

ಸಾಲ್ಬುಟಮಾಲ್ ಎಂಬ ಸೇದುವ ಔಷಧವು ಬಿಗಿದ ಶ್ವಾಸನಾಳಗಳನ್ನು ಸಡಿಲಿಸುವದು. ಅದು ರೋಗಿಗೆ ಕಳೆದ ಉಸಿರನ್ನು ಮರಳಿ ಕೊಡುವದೇ ಹೊರತು ಹೊಸ ಕಾಲುಗಳನ್ನು ಕೊಡದು. ಆದುದರಿಂದಲೇ ಜಾಗತಿಕ ಕ್ರೀಡಾನಿಯಮವು 24 ತಾಸುಗಳಲ್ಲಿ 1600 ಮೈಕ್ರೋಗ್ರಾಮನ್ನೂ, 8 ತಾಸುಗಳಲ್ಲಿ 600ನ್ನೂ ಮೀರದಂತೆ ಅದನ್ನು ಸೇದಗೊಡುವದು. ಗುಳಿಗೆಯಾಗಿ ನುಂಗುವದಕ್ಕೆ ಮಾತ್ರ ವಿಶೇಷ ಅನುಮತಿ ಬೇಕು. ಹೆಚ್ಚು ಔಷಧವು ರಕ್ತವನ್ನು ಸೇರಿದರೆ ಸ್ನಾಯುಬಲವು ಹೆಚ್ಚಬಹುದು.

1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಅಮೇರಿಕದ ತರುಣ ಈಜುಗಾರ ರಿಕ್ ಡಿಮಾಂಟನು ತನ್ನ ಉಬ್ಬಸದ ಔಷಧದಲ್ಲಿದ್ದ ಎಫೆಡ್ರಿನ್ನಿನಿಂದಾಗಿ 400 ಮೀಟರಿನ ಸುವರ್ಣಪದಕವನ್ನು ಕಳೆದುಕೊಂಡನು. ಅವನು ಔಷಧದ ಹೆಸರನ್ನು ಮೊದಲೇ ತಿಳಿಸಿದ್ದನೆಂದು ಆ ದೇಶದ ಒಲಿಂಪಿಕ್ ಸಮಿತಿಯು 2001ರಲ್ಲಿ ಒಪ್ಪಿತು, ಪದಕವು ಮರಳಲಿಲ್ಲ. ಮಗುವು ಹೇಳಿದರೆ ಸಾಲದು, ಹಿರಿಯರು ಕೇಳಿಸಿಕೊಂಡು ಮುಂದಕ್ಕೆ ತಿಳಿಸಬೇಕೆಂಬುದೇ ಇದರ ಪಾಠವು.

ನಾಚಿಕೆಯಿಂದ ಔಷಧವನ್ನು ಬಚ್ಚಿಟ್ಟು ಓಡುವ ಬಾಲೆಯ ಪ್ರಾಣಕ್ಕೇ ಅಪಾಯವುಂಟು. ಅದಕಾರಣ ಪಾಲಕರು ವೈದ್ಯರ ಚೀಟಿಯನ್ನು ಶಾಲೆಗೆ ಕೊಡಲಿ. ಔಷಧವು ಮಗಳ ಕೈಗೆ ಸಿಗುವಂತಿರಲಿ. ರೋಗವಿಲ್ಲದವಳು ಅದನ್ನು ಮುಟ್ಟದಿರಲಿ. ಉಸಿರು ಸರಿಯಾದ ಮೇಲೆ ಗೆಲವು ಸೋಲುಗಳು ಅವಳವೇ ಆಗಿರುವವು.