ಸನ್ಮಾನದ ಪಟ್ಟಿಯಲ್ಲಿ ಗೋಲ್‌ಕೀಪರನೂ ಇರಲಿ

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಥಾಣೆಯಿಂದ ಟಿಟ್ವಾಳಾದವರೆಗಿನ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ಅಂಕಪಟ್ಟಿಯ ಜೆರಾಕ್ಸ್ ಕೊಟ್ಟರೆ ಶಾಲು, ಸ್ಮರಣಿಕೆ, ವಿದ್ಯಾರ್ಥಿವೇತನ. ಒಳ್ಳೆಯ ಸಂಪ್ರದಾಯವೇ. ಆದರೆ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಮೊಣಕೈ ತರಚಿಕೊಂಡು ಕುಳಿತ ಫುಟ್‌ಬಾಲ್ ಹುಡುಗನ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದ ಗೋಲ್‌ಕೀಪರುಗಳಲ್ಲಿ ಒಬ್ಬರಾದ ಎಸ್. ಎಸ್. ನಾರಾಯಣ್ 2021ರ ಆಗಸ್ಟ್‌ನಲ್ಲಿ ನಮ್ಮ ಥಾಣೆಯಲ್ಲೇ ನಿಧನರಾದರು. ಹುಟ್ಟಿದ್ದು ಕೇರಳದ ಒಟ್ಟಪಾಲಂನಲ್ಲಿ, ಆಡಿ ಹೆಸರಾದದ್ದು ಮುಂಬಯಿಯ ಕ್ಯಾಲ್ಟೆಕ್ಸ್ ಮತ್ತು ಟಾಟಾ ತಂಡಗಳಲ್ಲಿ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಇದ್ದರು. ಇಷ್ಟು ಹತ್ತಿರದಲ್ಲಿದ್ದ ಒಲಿಂಪಿಯನ್‌ನನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಕನ್ನಡ ನಾಡಿನದೇ ಹೆಸರು ಬೇಕೆಂದರೆ ಕೆಂಚಪ್ಪ ವರದರಾಜ್ ಇದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲ ಆಟಗಾರರಿದ್ದ ಭಾರತ ತಂಡಕ್ಕೆ ಗೋಲು ಕಾಯ್ದವರು ಅವರು. ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ಪೆನಾಲ್ಟಿ ತಪ್ಪಿದವರು ಬೇರೆಯವರು, ಆದರೂ ಬಲೆಯೊಳಗಿನ ಚೆಂಡನ್ನು ಎತ್ತಿ ತರುವ ಕೆಲಸ ಗೋಲ್‌ಕೀಪರನದೇ.

ಈ ವೃತ್ತಿಯ ಲೆಕ್ಕಾಚಾರವೇ ಬೇರೆ. ತಂಡದಲ್ಲಿರುವುದು ಒಂದೇ ಜಾಗ. ಮುಂಚೂಣಿಯ ಆಟಗಾರನನ್ನು ಕೊನೆಯ ಹತ್ತು ನಿಮಿಷಕ್ಕಾದರೂ ಇಳಿಸುತ್ತಾರೆ; ಎರಡನೆಯ ಗೋಲ್‌ಕೀಪರ್ ಇಡೀ ಋತು ಬೆಂಚಿನ ಮೇಲೆ ಕುಳಿತಿರಬಹುದು. ಬದಲಿಗೆ, ಮೈ ಕಾಪಾಡಿಕೊಂಡರೆ ಮೂವತ್ತೈದು ದಾಟಿದರೂ ಆಡಬಹುದು. 1992ರಲ್ಲಿ ಹುಟ್ಟಿದ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ಕ್ಲಬ್‌ನಲ್ಲಿ ಪಳಗಿ 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. 2019ರ ಮಾರ್ಚ್‌ನಲ್ಲಿ ಅಂಧೇರಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಗೋವಾಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದೆ ಬೆಂಗಳೂರಿಗೆ ಕಪ್ ತಂದರು. ಆ ರಾತ್ರಿ ಅಂಧೇರಿಯಲ್ಲಿ ಕನ್ನಡಿಗರ ದನಿಯೂ ಇತ್ತೆನ್ನಿ.

ಅದೇ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ, ಲೀಗ್‌ನ ಭವಿಷ್ಯವೇ ಅತಂತ್ರವಾದಾಗ, ಆಟಗಾರರ ಸಂಬಳವನ್ನು ತಡೆಹಿಡಿಯಿತು. ಮುಂಬಯಿಯಲ್ಲಿ ಮಹೀಂದ್ರ ಯುನೈಟೆಡ್ 2010ರಲ್ಲೇ ಬಾಗಿಲು ಮುಚ್ಚಿತ್ತು. ಹಿಂದಿನ ಕಂಪೆನಿ ತಂಡಗಳು ಆಟದ ಜತೆಗೆ ನೌಕರಿಯನ್ನೂ ಕೊಡುತ್ತಿದ್ದವು. ಇಂದು ಕೈಯಲ್ಲಿ ಉಳಿಯುವುದು ಕರಾರುಪತ್ರ ಮಾತ್ರ. ಮಗ ಗ್ಲೌಸ್ ಕೇಳಿದರೆ ತಂದೆ ತಾಯಿ ಹಿಂಜರಿಯುವುದಕ್ಕೆ ಕಾರಣವಿದೆ. ಅವರನ್ನು ದೂರಲಾಗದು.

ಸಂಘಗಳು ನೆರವಾಗಬೇಕಾದದ್ದು ಇಲ್ಲೇ. ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ, ಮಹಾರಾಷ್ಟ್ರ ಸರಕಾರದ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ಯಾವ ಮಟ್ಟದ ಪಂದ್ಯದ ಪ್ರಮಾಣಪತ್ರ ನಡೆಯುತ್ತದೆ, ಅದನ್ನು ಎಲ್ಲಿ ಪರಿಶೀಲನೆ ಮಾಡಿಸಬೇಕು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಹುಡುಗ ಇಪ್ಪತ್ತು ದಾಟಿದ ಮೇಲೆ ಹುಡುಕಾಟ ಶುರುವಾಗುತ್ತದೆ. ರೈಲ್ವೆಯಲ್ಲಿ, ಸರಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಸದಸ್ಯರು ನಮ್ಮ ಸಂಘಗಳಲ್ಲಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಕುಳಿತು ಮಾಹಿತಿ ಕೊಡಬಾರದೇ? ಟಿಟ್ವಾಳಾದಿಂದ ಕೂಪರೇಜ್ ಮೈದಾನಕ್ಕೆ ಹೋಗಿಬರುವ ಹುಡುಗನಿಗೆ ಒಂದು ಲೋಕಲ್ ಪಾಸ್, ವರ್ಷಕ್ಕೆ ಎರಡು ಜೊತೆ ಗ್ಲೌಸ್ ಕೊಡಿಸಲು ದೊಡ್ಡ ನಿಧಿಯೇನೂ ಬೇಕಾಗಿಲ್ಲ.

ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಶೇಕಡಾ ಅಂಕ'ದ ಕೆಳಗೆ 'ಆಟ' ಎಂಬ ಇನ್ನೊಂದು ಸಾಲು ಸೇರಿಸಲು ಮುಂದಿನ ಕಾರ್ಯಕಾರಿ ಸಮಿತಿಯ ಸಭೆ ಸಾಕು.