ವಸ್ತಾದನಿಗೊಂದು ಮೈದಾನ

‘ಕೋಚ್’ ಎಂಬ ಇಂಗ್ಲಿಷ್ ಶಬ್ದ ಬರುವ ಮೊದಲೇ ಗಜೇಂದ್ರಗಡದ ಸೀಮೆಯಲ್ಲಿ ಆ ಕೆಲಸಕ್ಕೆ ಒಂದು ಹೆಸರಿತ್ತು. ಗರಡಿಮನೆಯಲ್ಲಿ ಹುಡುಗರಿಗೆ ಪಟ್ಟು ಕಲಿಸುವ ಹಿರಿಯನನ್ನು ಜನ ‘ವಸ್ತಾದ’ ಎಂದು ಕರೆಯುತ್ತ ಬಂದಿದ್ದಾರೆ. ವಸ್ತಾದನಿಗೆ ಗರಡಿ ಒಂದೇ, ಮಣ್ಣೂ ಒಂದೇ. ಅಪ್ಪನಿಗೆ ಕಲಿಸಿದವನೇ ಇಪ್ಪತ್ತು ವರ್ಷಗಳ ಮೇಲೆ ಮಗನಿಗೂ ಕಲಿಸುತ್ತಾನೆ. ಯಾವ ಹುಡುಗನ ಮೊಣಕಾಲು ಎಷ್ಟು ಗಟ್ಟಿ, ಯಾರಿಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಅವನಿಗೆ ಬರೆದಿಟ್ಟುಕೊಳ್ಳದೆಯೇ ಗೊತ್ತು. ಕುಸ್ತಿಗೆ ಹೀಗೊಬ್ಬ ವಸ್ತಾದ ಸಿಕ್ಕ. ನಮ್ಮ ಕಾಲೇಜುಗಳ ಹಾಕಿಗೆ ಇನ್ನೂ ಸಿಕ್ಕಿಲ್ಲ.

ಪದವಿ ಕಾಲೇಜಿನಲ್ಲಿ ಹಾಕಿ ಕೋಚ್ ಎಂಬ ಹುದ್ದೆ ಸಾಮಾನ್ಯವಾಗಿ ಇರುವುದೇ ಇಲ್ಲ. ಇರುವವರು ದೈಹಿಕ ಶಿಕ್ಷಣ ನಿರ್ದೇಶಕರು. ಹುಡುಗರ ಬಾಯಲ್ಲಿ ‘ಪಿ.ಡಿ. ಸರ್’. ಎಂ.ಪಿ.ಎಡ್. ಮುಗಿಸಿ, ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ದಾಟಿ ಬಂದವರು. ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಎಸೆತ ಎಲ್ಲವೂ ಅವರೊಬ್ಬರ ಪಾಲಿಗೇ. ಅದರ ನಡುವೆ ಹಾಕಿ ಕೋಲು ಹಿಡಿಯುವ ಹುಡುಗರು ಹತ್ತು-ಹನ್ನೆರಡು ಮಂದಿ ಸಿಕ್ಕರೆ ಪುಣ್ಯ. ತಂಡಕ್ಕೇ ಹನ್ನೊಂದು ಜನ ಬೇಕು, ಅದರಲ್ಲಿ ಒಬ್ಬ ಗೋಲ್‌ಕೀಪರ್.

ಇನ್ನು ಅವರ ಕೈಗೆ ಸಿಗುವ ಕಾಲವೆಷ್ಟು? ಪದವಿ ಎಂದರೆ ಮೂರು ವರ್ಷ. ಮೊದಲ ವರ್ಷ ಕೋಲು ಹಿಡಿಯುವುದು, ಬೆನ್ನು ಬಾಗಿಸಿ ಓಡುವುದು ಕಲಿಯಬೇಕು. ಎರಡನೆಯ ವರ್ಷ ತಂಡದಲ್ಲಿ ಒಂದು ಜಾಗ ಸಿಗುತ್ತದೆ. ಮೂರನೆಯ ವರ್ಷ ಆಟ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಕೊನೆಯ ಪರೀಕ್ಷೆ ಬಂದು ಹುಡುಗ ಹೊರಟು ನಿಲ್ಲುತ್ತಾನೆ. ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವನು ಯೂನಿವರ್ಸಿಟಿ ಬ್ಲೂ ಆಗುತ್ತಾನೆ, ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ರೈಲು ಹತ್ತುತ್ತಾನೆ. ಮರುವರ್ಷ ಪಿ.ಡಿ. ಸರ್ ಹೊಸ ಹುಡುಗರಿಗೆ ಕೋಲು ಹಿಡಿಯುವುದರಿಂದ ಮತ್ತೆ ಶುರು ಮಾಡುತ್ತಾರೆ. ಹದ ನೋಡಿ ಬಿತ್ತಿದವನಿಗೆ ರಾಶಿ ನೋಡುವ ಯೋಗವಿಲ್ಲ.

ನೆಲದ ಮಾತಂತೂ ಇನ್ನೂ ದೊಡ್ಡದು. ರೋಣ, ನರಗುಂದ, ಗಜೇಂದ್ರಗಡದ ಸುತ್ತ ಎರೆ ಭೂಮಿ ಹೇರಳ. ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕಾಲು ಕಿತ್ತಿಡಲು ಬಾರದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಜೋಳಕ್ಕೂ ಕಡಲೆಗೂ ಒಳ್ಳೆಯ ಈ ಗುಣ ಹಾಕಿಗೆ ಶತ್ರು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಗಟ್ಟಿಯಾದ ಈ ಚೆಂಡು ಉರುಳುವಾಗ ಸಣ್ಣ ಹೆಂಟೆಗೆ ತಾಗಿದರೂ ದಾರಿ ಬದಲಿಸಿ ಮೊಣಕಾಲಿಗೋ ಮುಖಕ್ಕೋ ಎಗರುತ್ತದೆ. ಮೈದಾನಕ್ಕೆ ಗರಸು ಹಾಕಿ ರೋಲರ್ ಎಳೆಸುವುದೂ ಕೋಚ್ ಕೆಲಸದ ಭಾಗವೇ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ನಮ್ಮ ಕಡೆ ಅದೇ ಮೊದಲ ಪಾಠ.

ಜಗತ್ತಿನ ಹಾಕಿ ಈ ಪಾಠವನ್ನು ಬಿಟ್ಟು ಬಹಳ ದೂರ ಹೋಗಿದೆ. 1928ರಿಂದ 1956ರವರೆಗಿನ ಆರು ಒಲಿಂಪಿಕ್ಸ್‌ಗಳಲ್ಲಿ ಭಾರತ ಬಿಡದೆ ಚಿನ್ನ ಗೆದ್ದದ್ದು ಹುಲ್ಲಿನ ಮೇಲೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ಮೊದಲ ಸಲ ಕೃತಕ ಹುಲ್ಲುಹಾಸಿನ ಮೇಲೆ ನಡೆಯಿತು. ಭಾರತ ಏಳನೆಯ ಸ್ಥಾನಕ್ಕಿಳಿಯಿತು. ನೀರು ಚಿಮುಕಿಸಿದ ಹಾಸಿನ ಮೇಲೆ ಘರ್ಷಣೆ ಕಡಿಮೆ. ಚೆಂಡು ಜಾರುತ್ತ ವೇಗವಾಗಿ, ನೇರವಾಗಿ ಬರುತ್ತದೆ. ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ನಾಲ್ವರನ್ನು ದಾಟುವ ಕೈಚಳಕಕ್ಕಿಂತ ಉಸಿರು, ಓಟ, ನಿಖರ ಪಾಸ್ ಇವುಗಳ ಬೆಲೆ ಹೆಚ್ಚಿತು.

ಕೊಡಗಿನ ವಿ.ಆರ್. ರಘುನಾಥ್ ಅವರಂಥವರು ಹೆಸರು ಮಾಡಿದ ಡ್ರ್ಯಾಗ್ ಫ್ಲಿಕ್ ನೋಡಿ. ಗೋಲಿನಿಂದ ವೃತ್ತದ ಅಂಚಿಗೆ 14.63 ಮೀಟರ್. ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಗೋಲ್‌ಕೀಪರ್‌ಗೆ ಸಿಗುವ ಸಮಯ ಸುಮಾರು ಅರ್ಧ ಸೆಕೆಂಡು. ಆಗ ಆ ಚೆಂಡಿನಲ್ಲಿರುವ ಶಕ್ತಿ, ಒಂದು ಕಿಲೋ ತೂಕದ ಕಲ್ಲು ಆರು ಮೀಟರ್ ಎತ್ತರದಿಂದ ಬಿದ್ದಷ್ಟು. ಹೆಲ್ಮೆಟ್ಟು, ಪ್ಯಾಡು ಇಲ್ಲದೆ ಹುಡುಗನೊಬ್ಬನನ್ನು ಗೋಲಿನಲ್ಲಿ ನಿಲ್ಲಿಸುವುದು ಧೈರ್ಯವಲ್ಲ, ಅಪರಾಧ. ಬಜೆಟ್ಟಿನಲ್ಲಿ ಮೊದಲು ಬರೆಯಬೇಕಾದದ್ದು ಆ ಪ್ಯಾಡಿನ ಬೆಲೆ.

ಹೀಗಿದ್ದೂ ಕರ್ನಾಟಕ ಒಳ್ಳೆಯ ಕೋಚ್‌ಗಳನ್ನು ಕೊಟ್ಟಿಲ್ಲವೆ? ಕೊಟ್ಟಿದೆ. ಕೊಡಗಿನ ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು. ಆಮೇಲೆ ಭಾರತ ತಂಡದ ಕೋಚ್ ಆದರು, ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಹಿರಿಯ ಹುದ್ದೆ ನಿರ್ವಹಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಬೆಂಗಳೂರಿನ ಜೂಡ್ ಫೆಲಿಕ್ಸ್ ಅವರ ದಾರಿ ಇನ್ನೊಂದು ಬಗೆಯದು. 1988 ಮತ್ತು 1992ರ ಒಲಿಂಪಿಕ್ಸ್ ಆಡಿ, ಭಾರತದ ನಾಯಕರಾಗಿ, ಸಿಂಗಪುರದಲ್ಲಿ ಆಡಿ ಕಲಿಸಿ ಊರಿಗೆ ಮರಳಿದವರು 2009ರಲ್ಲಿ ತಮ್ಮ ಹೆಸರಿನಲ್ಲೇ ಒಂದು ಹಾಕಿ ಅಕಾಡೆಮಿ ತೆರೆದರು. ಅಲ್ಲಿಗೆ ಅವರು ಕರೆದದ್ದು ಶುಲ್ಕ ಕೊಡಬಲ್ಲ ಮನೆಗಳ ಮಕ್ಕಳನ್ನಲ್ಲ. ಅನಾಥಾಲಯದ ಮಕ್ಕಳನ್ನು, ಬಡಮನೆಗಳ ಹುಡುಗರನ್ನು. ಮಧ್ಯೆ ಭಾರತದ ಕಿರಿಯರ ತಂಡಕ್ಕೂ ಕೋಚ್ ಆದರು. 2018ರ ಸುಲ್ತಾನ್ ಆಫ್ ಜೋಹೊರ್ ಕಪ್‌ನಲ್ಲಿ ಆ ತಂಡ ಬೆಳ್ಳಿ ಗೆದ್ದಿತು. 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಇಬ್ಬರೂ ದೊಡ್ಡವರೇ. ಆದರೆ ಇಬ್ಬರೂ ಕಾಲೇಜಿನ ಕೋಚ್ ಆಗಿ ಬೆಳೆದವರಲ್ಲ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಆಟಗಾರನಾಗಿ ದೇಶಕ್ಕೆ ಆಡಿದವನಿಗೆ ಕೋಚ್ ಎಂಬ ಎರಡನೆಯ ಬಾಳು ಸಿಗುತ್ತದೆ. ಕಾಲೇಜು ಮೈದಾನದಲ್ಲಿ ಕಲಿಸುತ್ತ ಕಲಿಸುತ್ತ ದೊಡ್ಡವನಾಗಲು ಮೆಟ್ಟಿಲುಗಳಿಲ್ಲ.

ಆ ಮೆಟ್ಟಿಲುಗಳು ಇರುವ ದೇಶ ಅಮೆರಿಕ. ಅಲ್ಲಿ ಹಾಕಿಯ ಅಭಿಮಾನಿಗಳು ನಮ್ಮಷ್ಟಿಲ್ಲ, ಕಾಲೇಜುಗಳಲ್ಲಿ ಅದು ಮುಖ್ಯವಾಗಿ ಹೆಣ್ಣುಮಕ್ಕಳ ಆಟ. ಆದರೂ ಅಲ್ಲಿನ ಕಾಲೇಜು ಕೋಚ್ ಪೂರ್ಣಕಾಲದ ನೌಕರ. ಕೈಕೆಳಗೆ ಸಹಾಯಕರು, ಆಟಗಾರ್ತಿಯರಿಗೆ ವಿದ್ಯಾರ್ಥಿವೇತನ. ಕರೆನ್ ಶೆಲ್ಟನ್ ಎಂಬಾಕೆ 1981ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡದ ಹೊಣೆ ಹೊತ್ತರು. 1984ರ ಒಲಿಂಪಿಕ್ಸ್‌ನಲ್ಲಿ ತಾವೇ ಆಡಿ ಕಂಚು ತಂದರು. ಅದೇ ವಿಶ್ವವಿದ್ಯಾಲಯದಲ್ಲಿ 42 ಹಂಗಾಮು ಕಳೆದು, ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದು 2022ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವಳು ಅವರೇ ತಯಾರು ಮಾಡಿದ ಎರಿನ್ ಮ್ಯಾಟ್ಸನ್, ಆಗ ಆಕೆಗೆ 22 ವರ್ಷ. 2023ರಲ್ಲಿ ಆ ತಂಡ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಒಂದೇ ಮೈದಾನದಲ್ಲಿ ನಲವತ್ತು ವರ್ಷ ನಿಂತು, ಗದ್ದುಗೆಯನ್ನು ಶಿಷ್ಯೆಗೆ ಬಿಟ್ಟುಕೊಟ್ಟು ಹೋಗುವುದು ಎಂದರೆ ಅದು ನಮ್ಮ ವಸ್ತಾದನ ರೀತಿಯೇ ಅಲ್ಲವೆ?

ಅಮೆರಿಕದ ದುಡ್ಡು ಗಜೇಂದ್ರಗಡಕ್ಕೆ ಬಾರದು, ನಿಜ. ಆದರೆ ಅಲ್ಲಿನ ಗುಟ್ಟು ಬರೀ ದುಡ್ಡಲ್ಲ, ಕಾಲ. ಅದನ್ನು ಇಲ್ಲಿಯೂ ಹೊಂದಿಸಬಹುದು. ನಮ್ಮ ಕಡೆಯ ಎಷ್ಟೋ ವಿದ್ಯಾಸಂಸ್ಥೆಗಳು ಪ್ರೌಢಶಾಲೆ, ಪಿ.ಯು., ಪದವಿ ಮೂರನ್ನೂ ನಡೆಸುತ್ತವೆ. ಮೂರಕ್ಕೂ ಬೇರೆ ಬೇರೆ ದೈಹಿಕ ಶಿಕ್ಷಕರು, ಬೇರೆ ಬೇರೆ ವೇಳಾಪಟ್ಟಿ. ಒಬ್ಬರು ಕಲಿಸಿದ್ದು ಇನ್ನೊಬ್ಬರಿಗೆ ತಿಳಿಯದು. ಹಾಕಿಯ ಮಟ್ಟಿಗೆ ಮೂವರೂ ಒಂದು ಮೈದಾನದಲ್ಲಿ, ಒಬ್ಬರ ಮುಂದಾಳುತನದಲ್ಲಿ ಕೂಡಿ ದುಡಿದರೆ ಏನಾಗುತ್ತದೆ? ಎಂಟನೆಯ ತರಗತಿಗೆ ಬಂದ ಮಗು ಪದವಿ ಮುಗಿಸುವವರೆಗೆ ಒಂದೇ ಕೈಯಲ್ಲಿ ಬೆಳೆಯುತ್ತದೆ. ಮೂರು ವರ್ಷ ಎಂಟು ವರ್ಷವಾಗುತ್ತದೆ. ಇದಕ್ಕೆ ಹೊಸ ಹುದ್ದೆ ಬೇಡ, ಆಡಳಿತ ಮಂಡಳಿಯ ಒಂದು ಠರಾವು ಸಾಕು.

ಪೂರ್ಣ ಅಳತೆಯ ಮೈದಾನಕ್ಕೆ 91.4 ಮೀಟರ್ ಉದ್ದ, 55 ಮೀಟರ್ ಅಗಲ ಬೇಕು. ಅಷ್ಟು ಸಮತಟ್ಟು ಜಾಗ ಇಲ್ಲವೆನ್ನುವವರಿಗೂ ದಾರಿಯಿದೆ. ಐದೈದು ಜನರ ಹಾಕಿಗೆ ಅದರ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಇದು ಮಕ್ಕಳಾಟವೇನೂ ಅಲ್ಲ. 2024ರಲ್ಲಿ ಮಸ್ಕತ್‌ನಲ್ಲಿ ಇದರ ಮೊದಲ ವಿಶ್ವಕಪ್ ನಡೆದು ಭಾರತದ ಹೆಣ್ಣುಮಕ್ಕಳು ಎರಡನೆಯ ಸ್ಥಾನ ಪಡೆದರು. ಹನ್ನೊಂದು ಹುಡುಗಿಯರು ಸಿಗದ ಕಾಲೇಜಿನಲ್ಲಿ ಐವರು ಸಿಕ್ಕಾರು. ಐವರಿಂದಲೇ ಶುರುವಾಗಲಿ.

ಕೋಚ್‌ನ ಕೆಲಸವನ್ನು ಕಪಾಟಿನ ಕಪ್ಪುಗಳಿಂದ ಅಳೆಯುವುದು ರೂಢಿ. ಕಾಲೇಜಿನ ಕೋಚ್‌ಗೆ ಆ ಅಳತೆ ಹೊಂದದು. ಅವನ ಬಹುಪಾಲು ಶಿಷ್ಯರು ಪೊಲೀಸರು, ಕಂಡಕ್ಟರು, ಶಿಕ್ಷಕರು, ನೇಕಾರರು, ರೈತರು ಆಗುತ್ತಾರೆ. ದೇಶಕ್ಕೆ ಆಡುವವನು ಸಾವಿರಕ್ಕೊಬ್ಬನೂ ಅಲ್ಲ. ಆದರೆ ಅವರಲ್ಲಿ ಒಬ್ಬ ಶಿಕ್ಷಕನಾಗಿ ಹಳ್ಳಿಯ ಶಾಲೆಗೆ ಹೋದಾಗ ಟ್ರಂಕಿನಲ್ಲಿ ಹಳೆಯ ಹಾಕಿ ಕೋಲು ಒಯ್ದನೆ, ಅಲ್ಲಿನ ಮಕ್ಕಳ ಕೈಗೆ ಅದನ್ನು ಕೊಟ್ಟನೆ ಎಂದು ಕೇಳಬೇಕು. ಕೊಟ್ಟಿದ್ದರೆ ಆ ಕೋಚ್‌ನ ದುಡಿಮೆ ಹಾಳಾಗಿಲ್ಲ. ಕೊಡಬೇಕಾದರೆ ಆತ ಆಟವನ್ನು ಮೂರು ವರ್ಷದ ಹವ್ಯಾಸವಾಗಿ ಅಲ್ಲ, ಬಾಳಿನ ಅಭ್ಯಾಸವಾಗಿ ಕಲಿತಿರಬೇಕು. ಅಷ್ಟು ಕಲಿಸಲು ಬೇಕಾದ ನೆಲ ಮತ್ತು ಕಾಲವನ್ನು ಪಿ.ಡಿ. ಸರ್‌ಗೆ ಕೊಡುವುದು ಊರಿನವರ, ಸಂಸ್ಥೆಯವರ ಕೈಯಲ್ಲಿದೆ.